ದೀಪ ಹತ್ತಿದಾಗ ಕಣ್ಣು ಮುಚ್ಚಿದವರು

ಅವತ್ತು ಕರೆಂಟಿನದೂ ತಪ್ಪಿರಲಿಲ್ಲ, ಲೈಟಿನದೂ ತಪ್ಪಿರಲಿಲ್ಲ. ಹನ್ನೆರಡು ಹೆಂಗಸರ ಫೋಟೋ ಕೆಟ್ಟಿದ್ದು ನನ್ನಿಂದ. ನಮ್ಮ ದೊಡ್ಡಉಳ್ಳಾರ್ತಿಯಲ್ಲಿ ಇನ್ನೂ ಕರೆಂಟಿನವರನ್ನೇ ಬೈಯುತ್ತಾರೆ, ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಿನ್ನೆ ಸಂಜೆ ನಡುಮನೆಯ ಬಲ್ಬು ಹತ್ತಿದಾಗ ಕೈ ತಾನಾಗಿಯೇ ಎದೆಗೆ ಬಂತು. ಅದರ ಹಿಂದೆಯೇ ಇದೂ ನೆನಪಿಗೆ ಬಂತು. ನಿಮಗೆ ಹೇಳಿದರೆ ನೀವೇನು ಊರಲ್ಲಿ ಸಾರುವುದಿಲ್ಲವಲ್ಲ.

ನನ್ನ ಮೊಮ್ಮಗಳು ಭಾಗ್ಯ ಚಳ್ಳಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಳು. ದೊಡ್ಡದೇನೋ ಅಂದುಕೊಳ್ಳಬೇಡಿ, ಮೊದಲು ಶೇಂಗಾ ಚೀಲ ಪೇರಿಸುತ್ತಿದ್ದ ಒಂದು ರೂಮು. ಸುಣ್ಣ ಬಳಿದರೂ ವಾಸನೆ ಹೋಗಲಿಲ್ಲ. ಒಳಗೆ ಬಂದವರಿಗೆಲ್ಲ ಹಸಿವಾಗುತ್ತಿತ್ತು. ಹಿಂದಿನ ಗೋಡೆಗೆ ನನ್ನ ಕರೀ ಕಂಬಳಿ ಇಳಿಬಿಟ್ಟಳು. ದಾವಣಗೆರೆಯಿಂದ ಎರಡು ಲೈಟು ತಂದಳು. ಮೂರು ಕಾಲಿನ ಕಂಬ, ಅದರ ತಲೆಗೊಂದು ಬಿಳೀ ಕೊಡೆ.

"ಮನೆಯೊಳಗೆ ಯಾರೇ ಕೊಡೆ ಬಿಚ್ಚೋದು? ಮಳೆ ಎಲ್ಲೈತೆ?" ಎಂದೆ.

"ಅಜ್ಜೀ, ಅದು ಬೆಳಕು ಮೆತ್ತಗಾಗಾಕೆ."

ರೊಟ್ಟಿ ಮೆತ್ತಗಾಗುವುದು ನನಗೆ ಗೊತ್ತಿತ್ತು. ಬೆಳಕಿನ ವಿಷಯ ಗೊತ್ತಿರಲಿಲ್ಲ.

ನನ್ನ ಮಗ, ಅಂದರೆ ಅವಳಪ್ಪ ತಿಪ್ಪೇಸ್ವಾಮಿಗೆ ಇದು ಮೊದಲಿಂದಲೂ ಸೇರಲಿಲ್ಲ. "ಎಲ್ರ ಕೈಯಾಗೂ ಫೋನೈತೆ. ಲೈಟ್ ಹಾಕ್ಕಂಡು ಯಾರ ಮಖ ತೆಗೀತೀಯಾ?" ಎನ್ನುತ್ತಿದ್ದ. ಅವಳು ಸೋದರಮಾವನ ಔಷಧಿ ಅಂಗಡಿಯಲ್ಲಿ ಕೂತು ಮಾತ್ರೆ ಕತ್ತರಿಸಿ ಕೊಡಬೇಕೆಂದು ಅವನ ಆಸೆ. ಭಾಗ್ಯನಿಗೆ ಆ ಅಂಗಡಿಯ ನೆರಳೂ ಆಗದು. ಲೈಟು ಮಾರಿದವರು ಬೇಡವಾದರೆ ಹತ್ತು ದಿನದೊಳಗೆ ತಂದುಕೊಡಿ ಎಂದಿದ್ದರಂತೆ. ಒಂಬತ್ತನೇ ದಿನ ಅವಳಿಗೆ ಮೊದಲ ಕೆಲಸ ಬಂತು, ಅದೂ ನಮ್ಮದೇ. ಉಣ್ಣೆ ನೂಲುವ ನಮ್ಮ ಸಂಘದವರು ಒಟ್ಟಿಗೆ ನಿಂತ ಫೋಟೋ ಬೇಕಿತ್ತು. ಎಲ್ಲರ ಮುಖ ಕಾಣಬೇಕು, ಕಣ್ಣು ಬಿಟ್ಟಿರಬೇಕು; ಫೋಟೋದಲ್ಲಿದ್ದವರ ಹೆಸರಷ್ಟೇ ಸಂಘದ ಸದಸ್ಯರ ಪಟ್ಟಿಗೆ ಎಂದು ಆಫೀಸಿನವರು ಹೇಳಿದ್ದರು.

"ಇದು ಸರಿಯಾಗಿ ಬರ್ಲಿಲ್ಲ ಅಂದ್ರೆ ನಾಳೆ ಲೈಟು ದಾವಣಗೆರೆಗೆ, ನೀನು ಮಾವನ ಅಂಗಡಿಗೆ" ಎಂದ ಮಗ, ಮಜಾ ನೋಡಲು ಜೊತೆಗೇ ಬಂದ.

ಹನ್ನೆರಡು ಜನ ಕಂಬಳಿಯ ಮುಂದೆ ನಿಂತೆವು. ನಾನು ಹಿರಿಯಳು, ನಡುವೆ ನಿಂತೆ. ಭಾಗ್ಯ ಸ್ವಿಚ್ ಒತ್ತಿದಳು. ಎರಡೂ ಲೈಟು ಝಗ್ ಎಂದು ಹತ್ತಿದವು. ನಾವು ಹನ್ನೆರಡೂ ಜನ ಕಣ್ಣು ಮುಚ್ಚಿ ಕೈಮುಗಿದೆವು.

ದೀಪ ಹತ್ತಿದರೆ ಕೈಮುಗಿಯದೆ ಇರುವುದು ಹೇಗೆ, ನೀವೇ ಹೇಳಿ. ನನಗೆ ಏಳು ಜನ ಮೊಮ್ಮಕ್ಕಳು, ಒಬ್ಬೊಬ್ಬರ ಹೆಸರು ಹೇಳಿಯೇ ಬೇಡಿಕೊಳ್ಳುತ್ತೇನೆ. ಹಿರಿಯಳು ಕೈ ಇಳಿಸುವ ತನಕ ಉಳಿದವರು ಇಳಿಸುವುದಿಲ್ಲ. ನಾನು ಏಳನೆಯವನ ಹೆಸರಿಗೆ ಬರುವ ಹೊತ್ತಿಗೆ ಕರೆಂಟು ಹೋಯಿತು.

"ವಚ್ಚಿಂದಿ, ವಚ್ಚಿಂದಿ!" ಎಂದು ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ನಿಂತಿದ್ದ ಓಬಕ್ಕ ಕೂಗಿದಳು. ಅವಳ ತವರು ಮೊಳಕಾಲ್ಮೂರು ಕಡೆ, ಸಂತೋಷವಾದರೆ ತೆಲುಗು ಬರುತ್ತದೆ. ಕರೆಂಟು ಬಂದಿತ್ತು. ಮತ್ತೆ ದೀಪ, ಮತ್ತೆ ಕೈ, ಮತ್ತೆ ಮೊದಲ ಮೊಮ್ಮಗನಿಂದ ಶುರು. ಹೀಗೆ ಐದು ಸಲ ಹೋಯಿತು, ಐದು ಸಲ ಬಂತು.

"ಅಜ್ಜೀ, ಅದು ದೇವರ ದೀಪ ಅಲ್ಲ, ಚೀನಾದ ಲೈಟು!" ಎಂದು ಭಾಗ್ಯ ಕಿರುಚಿದಳು.

"ಯಾವ ದೇಶದ್ದಾದ್ರೇನು, ಹತ್ತೈತಲ್ಲ" ಎಂದಳು ಓಬಕ್ಕ, ಕಣ್ಣು ಮುಚ್ಚಿಕೊಂಡೇ.

ಯಾರೋ ಒಬ್ಬಳು, "ಹೊರಗೆ ಅಷ್ಟೊಂದು ಬಿಸಿಲೈತೆ, ಅಲ್ಲೇ ನಿಂತ್ಕಳಾನ" ಎಂದಳು. ಮಗನ ಮುಖ ಅರಳಿತು. "ನಾನು ಹೇಳಿದ್ದು ಅದೇಯ! ಬಿಸಿಲಿರೋ ಊರಾಗೆ ಲೈಟ್ ಯಾಕೆ?" ಭಾಗ್ಯನ ಮೂಗು ಕೆಂಪಾಯಿತು. ಅವಳಿಗೆ ಅಳು ಬರುವುದು ಮೊದಲು ಮೂಗಿಗೆ.

ನಾನು ಸಾಲು ಬಿಟ್ಟು ಈಚೆ ಬಂದು ಕ್ಯಾಮೆರಾದ ಪಕ್ಕ ನಿಂತೆ. "ಕೇಳ್ರೇ ಇಲ್ಲಿ. ನಿಮ್ಮೆಲ್ರ ಪರವಾಗಿ ದೀಪಕ್ಕೆ ನಾನೊಬ್ಬಳೇ ಕೈಮುಗೀತೀನಿ. ನೀವು ಕಣ್ಣು ಬಿಟ್ಕಂಡು ನಿಂತ್ಕಳ್ರಿ."

"ನಮ್ಮ ಹುಡುಗ್ರ ಹೆಸ್ರು ಬಿಟ್ಟೀಯ!" ಎಂದಳು ಓಬಕ್ಕ.

"ಎಲ್ರದೂ ಹೇಳ್ತೀನಿ, ಬಾಯಿ ಮುಚ್ಚು, ಕಣ್ಣು ಬಿಡು."

ಫೋಟೋ ಬಂತು. ಬೆಳಕು ನಿಜವಾಗಿಯೂ ಮೆತ್ತಗಿತ್ತು. ಸುಕ್ಕುಗಳು ಕೂಡ ಚೆನ್ನಾಗಿ ಕಂಡವು. ಹನ್ನೊಂದು ಜನ ಚಿರತೆ ಕಂಡವರ ಹಾಗೆ ಕಣ್ಣು ಬಿಟ್ಟಿದ್ದರು. ಪಟ್ಟಿಯಲ್ಲಿ ಈಗಲೂ ಹನ್ನೊಂದೇ ಹೆಸರು. ನೂಲು ಮಾತ್ರ ನನ್ನದೇ ಹೆಚ್ಚು.

ಇಷ್ಟಾದ ಮೇಲೂ ಮಗ ಮಾತು ಬದಲಿಸಿದ, ಆ ಗುಣ ಅವರಪ್ಪನ ಕಡೆಯಿಂದ ಬಂದದ್ದು. "ಒಂದು ಬಂತು, ಸರಿ. ದಿನಾ ಅಜ್ಜೀನ ನಿಲ್ಲಿಸಿ ಕೈಮುಗಿಸ್ತೀಯಾ? ಬೆಳಿಗ್ಗೆ ಮೊದಲ ಬಸ್ಸಿಗೆ ಲೈಟಿನ ಡಬ್ಬಿ ತಗಂಡು ಬರ್ತೀನಿ. ಬಂದ ಡಬ್ಬಿಯಾಗೇ ಹಾಕಿ ಕೊಟ್ರೆ ಮಾತ್ರ ಲೈಟು ವಾಪಸ್ ತಗಂತಾರಂತೆ" ಎಂದ. ಡಬ್ಬಿಗಳು ಊರಿನ ಮನೆಯಲ್ಲಿ, ನನ್ನ ಮಂಚದ ಕೆಳಗಿದ್ದವು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಎರಡೂ ಡಬ್ಬಿ ಎಳೆದೆ. ಥರ್ಮಾಕೋಲ್ ಸುಟ್ಟರೆ ನಾರುತ್ತದೆ, ಅದನ್ನು ಹಿತ್ತಲಿಗೆ ಎಸೆದೆ. ರಟ್ಟನ್ನು ಹರಿದು ಹರಿದು ಬಚ್ಚಲೊಲೆಗೆ ತುರುಕಿದೆ. ದಪ್ಪ ರಟ್ಟು, ಚೆನ್ನಾಗಿ ಉರಿಯಿತು. ಬಸ್ಸಿಗೆ ಹೊತ್ತಾಯಿತೆಂದು ಮಗ ಓಡಿಬಂದು ಸ್ನಾನಕ್ಕೆ ನಿಂತ.

"ನೀರು ಇವತ್ತು ಭಾಳ ಚೆನ್ನಾಗಿ ಕಾದೈತೆ ಕಣವ್ವ" ಎಂದ ಒಳಗಿಂದಲೇ.

"ಇನ್ನೆರಡು ಚೊಂಬು ಹುಯ್ಕೋ" ಎಂದೆ.