ಗ್ವಾಡಲೂಪೆಯಲ್ಲಿ ತುಲಾಸ್ನಾನ

ನನ್ನ ಸ್ನೇಹಿತ ಶ್ರೀಕಂಠ ಹಾಸನದ ಕಡೆಯವನು, ಸಾಂಟಾ ಕ್ಲಾರಾದಲ್ಲಿ ಚಿಪ್ ಪರೀಕ್ಷಿಸುವ ಎಂಜಿನಿಯರು. ಅದು ಎರಡು ಸಾವಿರನೇ ಇಸವಿ. ಊರಿಗೆ ಊರೇ ಷೇರಿನ ಮಾತಾಡುತ್ತಿದ್ದಾಗ ಈ ಪುಣ್ಯಾತ್ಮ ರಜೆ ಬಂದರೆ ಸ್ಯಾನ್ ಹೊಸೆಯ ಗ್ವಾಡಲೂಪೆ ಹೊಳೆಯ ದಡದಲ್ಲಿ ಕಾವಲು ಕೂತು, ಹೊಳೆ ಕಾಪಾಡುವ ಸಂಘದವರು ಕೊಟ್ಟ ಹಾಳೆಯಲ್ಲಿ ಮೀನು ಎಣಿಸಿ ಬರೆಯುತ್ತಿದ್ದ. ತಿನ್ನುವುದಕ್ಕಲ್ಲ, ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವವನು. ನಾನು ಗೇಲಿ ಮಾಡದ ದಿನವಿಲ್ಲ.

ಸಾಲ್ಮನ್ ಮೀನು ಸಮುದ್ರದಿಂದ ಹೊಳೆ ಏರಿ ಬಂದು, ತಣ್ಣನೆಯ, ಆಳವಿಲ್ಲದ ನೀರಿನಲ್ಲಿ ಬಾಲದಿಂದ ಕಲ್ಲು ಕೆದಕಿ, ಮೊಟ್ಟೆ ಹೂತಿಟ್ಟು ಸಾಯುತ್ತದೆ. ಆ ಕಲ್ಲಿನ ಮೇಲೆ ಯಾರಾದರೂ ಕಾಲಿಟ್ಟರೆ ಮೊಟ್ಟೆ ಅಪ್ಪಚ್ಚಿ. ಆ ವರ್ಷ ಶ್ರೀಕಂಠನ ಕಾವಲಿನ ದಂಡೆಯಲ್ಲಿ ಕಂಡದ್ದು ಅಂಥ ಒಂದೇ ಗೂಡು.

ಹೊಳೆಗೆ ಕಸ ಬೀಳುವುದು ನಿಲ್ಲಲಿ ಎಂದು ಅವನು ಅಲ್ಲಿನ ಕನ್ನಡಿಗರ ದೀಪಾವಳಿ ಕಾರ್ಯಕ್ರಮದಲ್ಲಿ ಮೈಕು ಹಿಡಿದು, "ಇದನ್ನೂ ನಮ್ಮ ಕಾವೇರಿ ಅಂತಾನೇ ತಿಳ್ಕೊಳ್ಳಿ" ಎಂದು ಬೇಡಿಕೊಂಡ. ನಾವು ಚಪ್ಪಾಳೆ ತಟ್ಟಿದೆವು. ಹಾಗೇ ತಿಳಿದುಕೊಂಡೂಬಿಟ್ಟೆವು.

ಕಾವೇರಿಯೆಂದ ಮೇಲೆ ತುಲಾ ಮಾಸದಲ್ಲಿ ಒಂದು ಮುಳುಗು ಹಾಕಬೇಡವೇ? ತಿಂಗಳ ಕೊನೆಯ ಭಾನುವಾರ ನಾನೇ ಐದು ಮಂದಿ ಹೆಂಗಸರನ್ನು ವ್ಯಾನಿನಲ್ಲಿ ಕರೆದೊಯ್ದೆ. ಅವನನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹಿರಿಯರೆಂದು ವೆಂಕಟಮ್ಮನವರು ಮೊದಲು ಇಳಿದರು. ನಮಗೆ ಗೊತ್ತಾಗದಿದ್ದ ಆ ಗೂಡಿನ ಅಂಚನ್ನಷ್ಟೇ ತುಳಿದು ಆಚೆ ಹೋಗಿ, ಕಣ್ಣು ಮುಚ್ಚಿ ಕೈ ಮುಗಿದು ನಿಂತರು. ಅಷ್ಟರಲ್ಲಿ ಶ್ರೀಕಂಠ ಬಂದ.

"ಅಯ್ಯೋ, ಅಲ್ಲೇ ನಿಲ್ಲಿ! ಇನ್ಯಾರೂ ಕಾಲಿಡ್ಬೇಡಿ!"

ಆ ಕೂಗಿಗೆ ಬೆಚ್ಚಿ ತಿರುಗಿದ ವೆಂಕಟಮ್ಮನವರು ಜಾರಿ ಬಿದ್ದರು. ನೀರು ಅವರನ್ನು ಮಡುವಿನ ಕಡೆಗೆ ಎಳೆಯಿತು. ನಾನು ದಡದಲ್ಲಿ ಕಲ್ಲಾಗಿ ನಿಂತೆ. ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ಶ್ರೀಕಂಠ ಗೂಡಿನ ನಟ್ಟನಡುವೆ ಓಡಿದ. ಅವರನ್ನು ಎತ್ತಿಕೊಂಡು ಅದೇ ದಾರಿಯಲ್ಲಿ, ಇಬ್ಬರ ಭಾರ ಹೊತ್ತು, ಹಿಂದಿರುಗಿದ.

ಅಜ್ಜಿ ನಡುಗುತ್ತಲೇ ಅವನ ತಲೆ ಸವರಿದರು. "ನನ್ನಪ್ಪಾ, ನಿನ್ನ ಮಕ್ಳು ಮರಿ ತಣ್ಣಗಿರ್ಲಿ."

ಅವನು ಅವರ ಕಾಲು ಮುಟ್ಟಿದ. ಆಮೇಲೆ ಹೊಳೆಯತ್ತ ತಿರುಗಿದ. ಕೆಂಪು ಕಿತ್ತಳೆ ಬಣ್ಣದ ಮೊಟ್ಟೆಗಳು ಒಂದೊಂದಾಗಿ ತೇಲಿಹೋಗುತ್ತಿದ್ದವು. ಅಷ್ಟು ವರ್ಷದ ಸ್ನೇಹದಲ್ಲಿ ಅವನು ಅತ್ತದ್ದನ್ನು ನಾನು ಕಂಡದ್ದು ಅಂದೇ. ನನಗೆ ನಾಚಿಕೆಯಾಯಿತು.

"ತಪ್ಪು ನಂದು ಕಣೋ. ಹಾಳೇಲಿ ನನ್ನ ಹೆಸರು ಬರಿ," ಎಂದೆ.

ಅವನು ಎಣಿಕೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೂಡು ಹಾಳಾದ ಕಾರಣ ಕೇಳಿದ್ದ ಕಡೆ, ಕಾವಲಿದ್ದವನೇ ತುಳಿದ ಎಂದು ಬರೆದು ಸಹಿ ಹಾಕಿದ.