ಮಡಿಕೆ ಮಾಮ ಕಟ್ಟಿದ ಗಂಟು

ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಆ ವಾಯುನೆಲೆಯಲ್ಲಿ ಇಪ್ಪತ್ತೆರಡು ವರ್ಷ ಪ್ಯಾರಾಚೂಟ್ ಮಡಿಸಿದ ಮಡಿಕೆ ಮಾಮನಿಗೆ ಒಂದೇ ಒಂದು ಆಸೆ ಇತ್ತು. ಅದು ಬಾಯಿಬಿಟ್ಟು ಹೇಳಿಕೊಳ್ಳುವಂಥದ್ದಲ್ಲ. ಯಾರಾದರೊಬ್ಬರು ಆಕಾಶದಲ್ಲಿ ವಿಮಾನದಿಂದ ಹಾರಿಕೊಳ್ಳಬೇಕು, ಆಗ ಅವರ ಬೆನ್ನ ಮೇಲೆ ತಾನು ಕಟ್ಟಿದ ಗಂಟೇ ಇರಬೇಕು.

ಕೆಟ್ಟ ಮನುಷ್ಯ ಎಂದು ಈಗಲೇ ತೀರ್ಪು ಕೊಡಬೇಡಿ. ತಪ್ಪೆಲ್ಲ ಒಂದು ಕುರ್ಚಿಯದು. ನೆಲೆಯ ದೊಡ್ಡ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ ಎಲ್ಲರೂ ಸೇರುತ್ತಿದ್ದರು. ವಾರವಿಡೀ ಸಲ್ಯೂಟ್ ಹೊಡೆಸಿಕೊಳ್ಳುವ ಸಾಹೇಬರು, ಹೊಡೆದು ಹೊಡೆದು ಸುಸ್ತಾದ ಮೆಕ್ಯಾನಿಕ್‌ಗಳು, ಅವರವರ ಹೆಂಡತಿಯರು, ಅತ್ತೆಯರು, ತಲೆಗೆ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಮೆತ್ತಿಕೊಂಡ ಕೆಡೆಟ್‌ಗಳು, ಎಲ್ಲ ಒಂದೇ ಸೂರಿನ ಕೆಳಗೆ. ಬ್ಯಾಂಡು, ಹೌಸಿ ಆಟ, ಜೋಡಿ ಕುಣಿತ, ನಿಂಬೆ ಷರಬತ್ತು. ಯಾರು ಯಾರ ಜೊತೆ ಎರಡು ಸಲ ಕುಣಿದರು ಎಂಬ ಸುದ್ದಿ ಸೋಮವಾರದ ಹೊತ್ತಿಗೆ ಉಪ್ಪುಖಾರ ಹಚ್ಚಿಕೊಂಡು ರನ್‌ವೇಯ ಆಚೆ ತುದಿ ಮುಟ್ಟಿರುತ್ತಿತ್ತು. ಆ ಹಾಲ್‌ನ ಮುಂಭಾಗದಲ್ಲಿ ಕೆಂಪು ದಿಂಬಿನ ಒಂದು ಕೈಕುರ್ಚಿ. ದೊಡ್ಡ ಸಾಹೇಬರೂ ಅದರಲ್ಲಿ ಕೂರುವಂತಿರಲಿಲ್ಲ. ಪ್ಯಾರಾಚೂಟ್‌ನಿಂದ ಯಾರದಾದರೂ ಜೀವ ಉಳಿದರೆ, ಉಳಿದವನು ಆ ಶನಿವಾರ ತನ್ನ ಗಂಟು ಕಟ್ಟಿದವರನ್ನು ಕೈಹಿಡಿದು ಕರೆತಂದು ಅದರಲ್ಲಿ ಕೂರಿಸಿ ಸಲ್ಯೂಟ್ ಹೊಡೆಯಬೇಕು. ಹಾಲ್‌ಗೆ ಹಾಲೇ ಎದ್ದು ನಿಲ್ಲಬೇಕು. ಆಮೇಲೆ ಗೋಡೆಯ ಮೇಲೆ ಫೋಟೋ.

ಗೋಡೆಯ ಮೇಲೆ, ಪಕ್ಕದ ಮೇಜಿನಲ್ಲಿ ಗಂಟು ಕಟ್ಟುವ ಮೀಸೆ ಎಂಬವನ ಫೋಟೋ ಎರಡಿದ್ದವು. ಮೀಸೆ ಮಡಿಕೆ ಮಾಮನಿಗಿಂತ ಆರು ವರ್ಷ ಚಿಕ್ಕವನು. ಷರಬತ್ತು ಕುಡಿಯುವಾಗ ಬೇಕಂತಲೇ ಆ ಗೋಡೆಗೆ ಒರಗಿ ನಿಲ್ಲುತ್ತಿದ್ದ, ಎರಡೂ ಫೋಟೋಗಳ ನಡುವೆ. ಮಾಮನ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತಿತ್ತು.

ಕೆಲಸದಲ್ಲಿ ಮಾಮನನ್ನು ಮೀರಿಸುವವರಿರಲಿಲ್ಲ. ಮಡಿಸುವ ಕೋಣೆಯಲ್ಲಿ ಕಿಟಕಿಯಿಂದ ಕಿಟಕಿಗೆ ಉದ್ದನೆಯ ಎರಡು ಮೇಜು, ಕೈಯಾಡಿಸಿದರೆ ಒಂದು ಸಿಬಿರೂ ಇಲ್ಲ. ಒಳಗೆ ಬರುವವರು ಉಂಗುರ, ಗಡಿಯಾರ ಬಿಚ್ಚಿ ಬಾಗಿಲ ಬಳಿಯ ಡಬ್ಬಿಗೆ ಹಾಕಬೇಕು. ಬಿಳಿ ಬಟ್ಟೆಯನ್ನು ಮೇಜಿನುದ್ದಕ್ಕೂ ಹಾಸಿ, ಪಟ್ಟಿ ಪಟ್ಟಿಯಾಗಿ ಮಡಿಸಿ, ಹಗ್ಗಗಳನ್ನು ಸಿಕ್ಕಾಗದಂತೆ ಅಂಕುಡೊಂಕಾಗಿ ಕೂರಿಸಿ, ಚೀಲದ ನಾಲ್ಕು ಮಗ್ಗುಲು ಮುಚ್ಚಿ, ಪಿನ್ನು ಸೇರಿಸಿ, ಕೊನೆಗೆ ಕೆಂಪು ದಾರ ಕಟ್ಟಬೇಕು. ಒಂದೇ ಒಂದು ಎಳೆ. ದಾರ ಹಾಗೇ ಇದ್ದರೆ ಗಂಟನ್ನು ಯಾರೂ ಕೆದಕಿಲ್ಲ ಎಂದರ್ಥ. ಆಪತ್ತಿನಲ್ಲಿ ಹಿಡಿಕೆ ಎಳೆದರೆ ಆ ಎಳೆ ಪಟ್ಟನೆ ಹರಿದು ಚೀಲ ಬಿಚ್ಚಿಕೊಳ್ಳಬೇಕು. ಆಮೇಲೆ ಚೀಟಿಯಲ್ಲಿ ಸಹಿ.

ಮಡಿಸುವ ಚಟ ಮನೆಯಲ್ಲೂ ಬಿಡಲಿಲ್ಲ. ಹೊದಿಕೆಗಳನ್ನು ಎಷ್ಟು ಬಿಗಿಯಾಗಿ ಮಡಿಸಿಡುತ್ತಿದ್ದನೆಂದರೆ, ನೆಲೆಯ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡುತ್ತಿದ್ದ ಅವನ ಹೆಂಡತಿ, "ರೀ, ಚಳಿ ಆಗ್ತಿದೆ, ಇದರ ಹಿಡಿಕೆ ಎಲ್ಲಿದೆ ಹೇಳಿ" ಎನ್ನುತ್ತಿದ್ದಳು. ನಾದಿನಿ ಒಮ್ಮೆ ಪೆಟ್ಟಿಗೆ ಮುಚ್ಚಲಾಗದೆ ಅಳುತ್ತಿದ್ದಾಗ ಮಾಮ ಅವಳ ಬಟ್ಟೆಯನ್ನೆಲ್ಲ ಅರ್ಧ ಪೆಟ್ಟಿಗೆಗೆ ಇಳಿಸಿಕೊಟ್ಟಿದ್ದ. ಹೋದ ಊರಿನಲ್ಲಿ ಅದನ್ನು ಬಿಚ್ಚಿದವಳು ಮತ್ತೆ ತುಂಬಲಾರದೆ ಎರಡು ಪೆಟ್ಟಿಗೆ ಹೊತ್ತುಕೊಂಡು ವಾಪಸಾದಳು.

ಇಂಥ ಕೈ ಕಟ್ಟಿದ ಸಾವಿರಾರು ಗಂಟುಗಳಲ್ಲಿ ಒಂದಾದರೂ ಆಕಾಶದಲ್ಲಿ ಬಿಚ್ಚಿಕೊಂಡಿರಲಿಲ್ಲ. ಎಲ್ಲವೂ ಹೋದ ಹಾಗೆಯೇ ವಾಪಸ್. ಎಲ್ಲಾದರೂ ಎಂಜಿನ್ ಕೆಮ್ಮಿದರೆ ಸಾಕು, ಮಾಮ ಕಿಟಕಿಗೆ ಓಡುತ್ತಿದ್ದ. ವಿಮಾನ ಕ್ಷೇಮವಾಗಿ ಇಳಿದರೆ ಒಂದು ನಿಟ್ಟುಸಿರು. ಅದು ನೆಮ್ಮದಿಯದೋ ನಿರಾಸೆಯದೋ ಎಂದು ಹೆಂಡತಿ ಕೇಳಿದರೆ ಮಾತು ಬದಲಿಸುತ್ತಿದ್ದ.

"ನಾಚಿಕೆ ಆಗಲ್ವೇನ್ರೀ? ಹೆತ್ತವರ ಮಕ್ಕಳು ಮೇಲಿಂದ ಬೀಳ್ಲಿ ಅಂತ ಕಾಯ್ತೀರಲ್ಲ!"

"ಬೀಳ್ಲಿ ಅಂತಲ್ವೇ. ಬಿದ್ರೆ ನನ್ನ ಗಂಟಲ್ಲೇ ಬೀಳ್ಲಿ ಅಂತ."

"ದೊಡ್ಡ ಉಪಕಾರ!"

ನಿವೃತ್ತಿಗೆ ಎಂಟು ತಿಂಗಳಿದೆ ಎನ್ನುವಾಗ ಮಾಮನ ತಲೆ ಅಡ್ಡದಾರಿ ಹಿಡಿಯಿತು. ಆ ವರ್ಷದ ಕೆಡೆಟ್‌ಗಳಲ್ಲಿ ಒಬ್ಬ ಮಹಾಪುರುಷನಿದ್ದ. ಅವನನ್ನು ಎಲ್ಲರೂ ಎಡವಟ್ಟು ಎಂದೇ ಕರೆಯುತ್ತಿದ್ದರು. ವಿಮಾನ ಇಳಿಸುವಾಗ ಎರಡು ಚಕ್ರ ಮುರಿದಿದ್ದ. ತನ್ನದೆಂದು ಬೇರೊಬ್ಬರ ವಿಮಾನ ಹತ್ತಿ ಕೂತಿದ್ದ. ಏನು ಬೈದರೂ "ಆಯ್ತು ಸರ್" ಎಂದಷ್ಟೇ ಹೇಳಿ ಹಲ್ಲು ಕಿರಿಯುತ್ತಿದ್ದ. ನೆಲೆಯಲ್ಲಿ ಯಾರಾದರೂ ಹಾರಿಕೊಳ್ಳುವ ಗಳಿಗೆ ಬಂದರೆ ಅದು ಇವನಿಗೇ ಬರಬೇಕು ಎಂದು ಮಾಮ ಲೆಕ್ಕ ಹಾಕಿದ. ಗಂಟು ಕೊಡುವ ಕೌಂಟರಿನವನ ಬಟ್ಟೆಗಳನ್ನು ವಾರಕ್ಕೊಮ್ಮೆ ಇಸ್ತ್ರಿ ಮಾಡಿ ಮಡಿಸಿಕೊಡುವ ಒಪ್ಪಂದವಾಯಿತು. ಅಂದಿನಿಂದ ಎಡವಟ್ಟು ಯಾವಾಗ ಹಾರಿದರೂ ಅವನ ಬೆನ್ನಿಗೆ ಮಡಿಕೆ ಮಾಮನ ಗಂಟೇ.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಗಂಟು ವಾಪಸ್ ಕೊಡಲು ಬಂದ ಎಡವಟ್ಟು ಮಾತಿಗೆ ನಿಂತ. ಮರುದಿನವೂ ನಿಂತ. ಮಾಮ ಎಂದು ಕರೆಯತೊಡಗಿದ. ಭಾನುವಾರ ಮನೆಗೆ ಬಂದು, ಮಾಮನ ಹೆಂಡತಿಯನ್ನು ಅತ್ತೆ ಎಂದು ಕರೆದು, ಎರಡು ಲೋಟ ಒಡೆದು, ಮೂರು ಸಲ ಅನ್ನ ಹಾಕಿಸಿಕೊಂಡು ಹೋದ. ಮಕ್ಕಳಿಲ್ಲದ ಮನೆ. ಇಬ್ಬರಿಗೂ ಅವನ ಹುಚ್ಚು ಹಿಡಿಯಿತು. ಅವನಿಗೆ ಹಾರಾಟವಿದ್ದ ದಿನ ಮಾಮನಿಗೆ ಊಟ ಸೇರುತ್ತಿರಲಿಲ್ಲ.

ಹೀಗೆ ಆರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸಾಹೇಬರ ಮನೆಯವರೆಲ್ಲ ಹಾಲ್‌ನ ಮುಂದಿನ ಹುಲ್ಲಿನ ಮೇಲೆ ಟೀ ಕುಡಿಯುತ್ತಿದ್ದರು. ಹಾರಾಟ ಮುಗಿಸಿ ಬಂದ ಎಡವಟ್ಟು, ಗಂಟು ಬೆನ್ನಲ್ಲಿರುವಂತೆಯೇ ಅಡ್ಡಹಾಯ್ದು ಬಂದ. ದೊಡ್ಡ ಸಾಹೇಬರ ಹೆಂಡತಿಯ ಚಮಚ ಕೆಳಗೆ ಬಿತ್ತು. ಮರ್ಯಾದಸ್ಥ ಹುಡುಗ, ಎತ್ತಿಕೊಡಲು ಬಗ್ಗಿದ. ಏಳುವಾಗ ಹಿಡಿಕೆ ಕುರ್ಚಿಯ ತೋಳಿಗೆ ಸಿಕ್ಕಿಕೊಂಡಿತು. ಪಟ್ಟೆಂದು ದಾರ ಹರಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಟೀ ಪಾತ್ರೆ, ಕೇಕು, ಜೊತೆಗೆ ತರಬೇತುದಾರ ಗುಡುಗು ಸಾಹೇಬರ ಅತ್ತೆ, ಎಲ್ಲವೂ ಬಿಳಿ ಬಟ್ಟೆಯೊಳಗೆ. ಅಷ್ಟಕ್ಕೆ ಮುಗಿಯಲಿಲ್ಲ. ಗಾಳಿ ಬೀಸಿತು. ಎಡವಟ್ಟು ಗುಲಾಬಿ ಪಾತಿಯವರೆಗೆ ಬೆನ್ನ ಮೇಲೆ ಜಾರಿಕೊಂಡು ಹೋದ.

ನೆಲೆ ಒಂದು ವಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುಡುಗು ಸಾಹೇಬರು ಮಾತ್ರ ನಗಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನಿನ್ನ ಗಂಟುಮೂಟೆ ಕಟ್ಟಿಸಿ ಮನೆಗೆ ಕಳಿಸ್ತೀನಿ" ಎಂದರು. "ಆಯ್ತು ಸರ್" ಎಂದವನು ಮಾಮನ ಮನೆಗೆ ಬಂದು ಅತ್ತೆಯ ಎದುರು ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಮಾಮ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಎಡವಟ್ಟಿನ ಗಂಟಿಗೆ ಎರಡೆಳೆ ದಾರ ಕಟ್ಟಿದ. ಹುಡುಗ ಯಾವ ಕುರ್ಚಿಗೆ ತಗುಲಿಸಿಕೊಂಡರೂ ಬಿಚ್ಚಿಕೊಳ್ಳಬಾರದು. ಗಟ್ಟಿಯಾಗಿ ಬಿಗಿದು, ಗಂಟನ್ನು ಮಗುವಿನ ಬೆನ್ನು ತಟ್ಟಿದ ಹಾಗೆ ಎರಡು ಸಲ ತಟ್ಟಿ, ಚೀಟಿಗೆ ಸಹಿ ಹಾಕಿದ. ಬಲು ತೃಪ್ತಿಯಾಗಿತ್ತು.

ಒಂಬತ್ತು ದಿನದ ಮೇಲೆ ಮಡಿಸುವ ಕೋಣೆಯ ಫೋನು ಬಡಿದುಕೊಂಡಿತು. ಎಕ್ಸ್‌ಚೇಂಜ್‌ನಿಂದ ಹೆಂಡತಿ.

"ರೀ, ಒಂದು ವಿಮಾನದ ಎಂಜಿನ್ ನಿಂತಿದ್ಯಂತೆ. ಹೊಗೆ ಬರ್ತಿದೆ. ಹಾರ್ಕೊಳ್ಳೋಕೆ ಹೇಳಿದಾರೆ. ಒಳಗೆ ಗುಡುಗು ಸಾಹೇಬ್ರು, ಮತ್ತೆ... ನಮ್ಮ ಹುಡುಗ."

ಮಾಮ ಕೇಳಿಕೊಂಡದ್ದು ಇದನ್ನೇ. ಹೆಸರು ಹಿಡಿದು, ಕೌಂಟರಿನವನ ಅಂಗಿ ಇಸ್ತ್ರಿ ಮಾಡಿ ಕೇಳಿಕೊಂಡದ್ದು. ಅದು ಬಂದ ಗಳಿಗೆಯಲ್ಲಿ ಅವನ ತಲೆಯಲ್ಲಿ ಕುರ್ಚಿ ಇರಲಿಲ್ಲ. ಎರಡೆಳೆ, ಎರಡೆಳೆ ಎನ್ನುತ್ತ ರನ್‌ವೇಯ ಕಡೆಗೆ ಓಡಿದ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ದೂರದಲ್ಲಿ ಬೆಳ್ಳಗೆ ಒಂದು ಪ್ಯಾರಾಚೂಟ್ ಅರಳಿತು. ಒಂದೇ ಒಂದು. ಎರಡನೆಯದಕ್ಕಾಗಿ ಕಾದ. ಅರಳಲಿಲ್ಲ. ಮಾಮ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತು ಎದೆ ಎದೆ ಬಡಿದುಕೊಂಡ.

ಹಿಂದೆಯೇ ಓಡಿಬಂದ ಮೀಸೆ ಅವನ ಭುಜ ಹಿಡಿದು ಅಲುಗಿಸಿದ. "ಅತ್ತ ನೋಡೋ, ಅತ್ತ!" ಹೊಗೆ ಬಿಡುತ್ತ, ಸದ್ದಿಲ್ಲದೆ, ವಾಲಾಡುತ್ತ ಒಂದು ವಿಮಾನ ಬೇಲಿಯಾಚೆಯ ಹುಲ್ಲುಗಾವಲಿಗೆ ಇಳಿಯುತ್ತಿತ್ತು. ಇಳಿಯಿತು. ಒಂದು ಚಕ್ರ ಮುರಿಯಿತು. ಅದರೊಳಗಿಂದ ಎಡವಟ್ಟು ಇಳಿದುಬಂದ, ಬೆನ್ನ ಮೇಲೆ ಬಿಚ್ಚದ ಗಂಟು.

ಆದದ್ದಿಷ್ಟು. ಗುಡುಗು ಸಾಹೇಬರು "ಹಾರು" ಎಂದು ಗುಡುಗಿದರು. ಮುಂದಿನ ಸೀಟಿನಿಂದ "ಆಯ್ತು ಸರ್" ಎಂದು ಉತ್ತರ ಬಂತು. ಹುಡುಗ ಹಾರಿದನೆಂದುಕೊಂಡು ಹೊಗೆಯಲ್ಲಿ ಕಣ್ಣು ಕಾಣದ ಸಾಹೇಬರು ತಾವೂ ಹಾರಿದರು. ಹುಡುಗ ಕೆಳಗೆ ನೋಡಿದ. ಕಾಲು ಬರಲಿಲ್ಲ. ಸೀಟಿಗೆ ಅಂಟಿಕೊಂಡೇ ವಿಮಾನವನ್ನು ತೇಲಿಸಿಕೊಂಡು ಬಂದ.

ಅಪಘಾತದಿಂದ ಬಂದ ಗಂಟನ್ನು ಬಿಚ್ಚಿ ನೋಡಲೇಬೇಕೆಂದು ನಿಯಮ. ಮರುದಿನ ಕೋಣೆಯಲ್ಲಿ ಮಾಮ, ಮೀಸೆ ಇಬ್ಬರೇ. ಮಾಮ ಹಿಡಿಕೆ ಎಳೆದ. ಬರಲಿಲ್ಲ. ಮೀಸೆ ಎಳೆದ. ಬರಲಿಲ್ಲ. ಮೇಜಿಗೆ ಕಾಲು ಕೊಟ್ಟು ಇಬ್ಬರೂ ಸೇರಿ ಎಳೆದಾಗ ಮೂರನೆಯ ಸಲಕ್ಕೆ ಬಿಚ್ಚಿಕೊಂಡಿತು. ಮೀಸೆ ಹರಿದ ದಾರವನ್ನು ಬೆರಳಲ್ಲಿ ಉಜ್ಜಿ ನೋಡಿದ. ಎರಡೆಳೆ. ಅದನ್ನು ತನ್ನ ಜೇಬಿಗೆ ಹಾಕಿಕೊಂಡ.

"ನಾನು ಏನೂ ನೋಡಿಲ್ಲ" ಎಂದ. "ನೀನೂ ನೋಡಿಲ್ಲ. ನಿವೃತ್ತಿಗೆ ಇನ್ನು ಆರು ವಾರ. ಮರ್ಯಾದೆಯಾಗಿ ಮನೆಗೆ ಹೋಗು."

ಶನಿವಾರ ಹಾಲ್ ತುಂಬಿ ತುಳುಕಿತು. ಗುಡುಗು ಸಾಹೇಬರು ಮೀಸೆಯನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಮೂರನೆಯ ಸಲ! ಚಪ್ಪಾಳೆ ನಿಲ್ಲುವ ಮೊದಲೇ ಎಡವಟ್ಟು ಮೈಕಿನ ತಂತಿಗೆ ಕಾಲು ಸಿಕ್ಕಿಸಿಕೊಂಡು, ಬೀಳದೆ ಉಳಿದು, ಮಾತಾಡಿದ.

"ನಾನು ಹಾರಲಿಲ್ಲ, ನಿಜ. ಆದ್ರೆ ಏನೇ ಆದ್ರೂ ಬೆನ್ನ ಹಿಂದೆ ಮಾಮನ ಗಂಟಿದೆ ಅನ್ನೋ ಧೈರ್ಯ ಇತ್ತಲ್ಲ, ಅದರಿಂದ್ಲೇ ಕೈ ನಡುಗದೆ ಇಳಿಸಿದೆ. ಈ ಕುರ್ಚಿ ಅವರಿಗೂ ಸೇರಬೇಕು."

ದೊಡ್ಡ ಸಾಹೇಬರು ತಲೆಯಾಡಿಸಿದರು. ಮೀಸೆ ಎದ್ದ. ಎಡವಟ್ಟು ಮಾಮನ ಕೈಹಿಡಿದು ಎಳೆದುಕೊಂಡೇ ಬಂದ.

ಮಾಮ ಕೂತ. ಕೂರಲಿಲ್ಲ ಎಂದು ಬರೆದರೆ ಅವನು ದೊಡ್ಡ ಮನುಷ್ಯನಾಗುತ್ತಿದ್ದ, ಆದರೆ ಕೂತ. ಇಪ್ಪತ್ತೆರಡು ವರ್ಷದ ಆಸೆ, ದಿಂಬು ಎಣಿಸಿದ್ದಕ್ಕಿಂತಲೂ ಮೆತ್ತಗಿತ್ತು. ಹಾಲ್‌ಗೆ ಹಾಲೇ ಎದ್ದು ನಿಂತಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಡವಟ್ಟು ಎದುರು ನಿಂತು, ಹಿಮ್ಮಡಿ ಜೋಡಿಸಿ, ಜನ್ಮದಲ್ಲಿ ಮೊದಲ ಸಲ ಒಂದೂ ತಪ್ಪಿಲ್ಲದೆ ಸಲ್ಯೂಟ್ ಹೊಡೆದ. ಆ ಮುಖ ನೋಡಿ ಮಾಮನಿಗೆ ಕೂತಿರಲಾಗಲಿಲ್ಲ.

"ಸಾಹೇಬ್ರೆ" ಎಂದು ಎದ್ದು ನಿಂತ. "ಈ ಹುಡುಗ ಹಾರಿದ್ದಿದ್ರೆ ಸತ್ತೇ ಹೋಗಿರ್ತಿದ್ದ. ನಾನು ಎರಡೆಳೆ ಕಟ್ಟಿದ್ದೆ. ಹಿಡಿಕೆ ಬರ್ತಿರಲಿಲ್ಲ."

ಬ್ಯಾಂಡಿನವನು ಕೋಲು ಕೆಳಗೆ ಬೀಳಿಸಿದ. ದೊಡ್ಡ ಸಾಹೇಬರು ಒಂದು ಮಾತು ಕೇಳಿದರು. "ಯಾಕೆ?"

"ಟೀ ಪಾರ್ಟೀಲಿ ಆದ ಹಾಗೆ ಮತ್ತೆ ಬಿಚ್ಕೊಂಡು ನಗೆಪಾಟಲಾಗಬಾರ್ದು ಅಂತ, ಸಾಹೇಬ್ರೆ."

ಯಾರೋ ನಗಲು ಹೊರಟು ತಡೆದುಕೊಂಡರು. ಆಗ ಮೀಸೆ ಜೇಬಿನಿಂದ ದಾರ ತೆಗೆದು ಮೇಜಿನ ಮೇಲಿಟ್ಟ. "ಮುಚ್ಚಿಟ್ಟಿದ್ದು ನಾನು, ಸರ್." ತೀರ್ಪು ಅಲ್ಲೇ ಆಯಿತು. ಇಬ್ಬರಿಗೂ ಆರು ವಾರ ಹಾಲ್‌ಗೆ ಪ್ರವೇಶವಿಲ್ಲ. ಮಡಿಕೆ ಮಾಮ ಕಟ್ಟುವ ಪ್ರತಿ ಗಂಟನ್ನೂ ಮೀಸೆ ಕಣ್ಣಾರೆ ನೋಡಿ ಸಹಿ ಹಾಕಬೇಕು. ಇದರಲ್ಲಿ ಯಾರಿಗೆ ಶಿಕ್ಷೆ ಹೆಚ್ಚಾಯಿತೆಂದು ನೆಲೆ ಬಹಳ ದಿನ ವಾದಿಸಿತು.

ಮಾಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಗ ಎಡವಟ್ಟು ಬಂದು ಪಕ್ಕದಲ್ಲಿ ಕೂತ.

"ಸೋಮವಾರ ಒಬ್ನೇ ವಿಮಾನ ಹಾರಿಸ್ಬೇಕು, ಮಾಮ. ಗಂಟು ಯಾರದು ತಗೊಳ್ಲಿ?"

"ಮೀಸೇದು ತಗೋ. ಮೂರು ಜನ ಬದುಕಿದಾರೆ."

"ನಿಮ್ಮದೇ ಬೇಕು."

ಮಾಮ ಮುಖ ಮುಚ್ಚಿಕೊಂಡ.

"ಕಟ್ತೀನಿ ಕಣೋ. ಆದ್ರೆ ಯಾವುದು ನಿನ್ನದು ಅಂತ ಮಾತ್ರ ನಂಗೆ ಹೇಳ್ಬೇಡ."

ಸೋಮವಾರ ಮಾಮ ಎಂಟು ಗಂಟು ಕಟ್ಟಿದ. ಎಂಟಕ್ಕೂ ಒಂದೊಂದೇ ಎಳೆ. ಎಂಟು ವಿಮಾನಗಳು ಹಾರಿದ ಮೇಲೆ ಕಿಟಕಿಯ ಬಳಿ ಹೋಗಿ ನಿಂತ. ಎಂಟೂ ಇಳಿಯುವವರೆಗೆ ಊಟಕ್ಕೆ ಹೋಗಲಿಲ್ಲ.