ನಲ್ಲಿ ಸರದಿಗೆ ಕಂಪ್ಯೂಟರ್ ಬಂದದ್ದು

ವಿಕ್ರೋಳಿಯ ನಮ್ಮ ಚಾಳಿನಲ್ಲಿ ಹತ್ತು ಖೋಲಿ, ಒಂದೊಂದು ಕೋಣೆಯೇ ಒಂದೊಂದು ಮನೆ; ಎಲ್ಲಕ್ಕೂ ಒಂದೇ ನಲ್ಲಿ. ನೀರು ಬೆಳಿಗ್ಗೆ ಒಂದಿಷ್ಟು ಹೊತ್ತು ಮಾತ್ರ. ಖೋಲಿ ನಂಬರಿನ ಪ್ರಕಾರ ಸರದಿ. ನಮ್ಮದು ಒಂಬತ್ತನೆಯದು. ಹೆರಿಗೆಗೆ ಬಂದ ಮಗಳು ಬಾಣಂತಿಯಾಗಿ ಮಲಗಿದ್ದಳು. ಬಾಣಂತಿಗೆ ಎಣ್ಣೆ ತಿಕ್ಕಿ ಹಂಡೆ ತುಂಬ ಬಿಸಿನೀರು ಹುಯ್ಯದಿದ್ದರೆ ಸೊಂಟ ನಿಲ್ಲುವುದಿಲ್ಲ. ನನಗೆ ಬೇಕಿದ್ದದ್ದು ಆ ಹಂಡೆ ನೀರು, ಅಷ್ಟೇ.

ನಮ್ಮ ಅಳಿಯಂದಿರು ಫೋರ್ಟಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಭಾನುವಾರ ಬಾಂದ್ರಾದಿಂದ ಬಂದರೆ ಮಗುವನ್ನು ನೋಡುತ್ತಿದ್ದದ್ದು ಕಡಿಮೆ, ಚಾಳಿನವರಿಗೆ ಪಾಠ ಹೇಳುತ್ತಿದ್ದದ್ದು ಜಾಸ್ತಿ. ಒಂಟಿ ಜನರ ಖೋಲಿಗಳನ್ನು ಎರಡೆರಡು ಸೇರಿಸಿ ಒಂದೇ ಸರದಿ ಮಾಡಿ ಅಂದರು. ಮೂರು-ನಾಲ್ಕು ಒಂದು, ಏಳು-ಎಂಟು ಒಂದು. ಎಲ್ಲರೂ ಒಪ್ಪಿದರು. ಅಲ್ಲಿಗೆ ಮುಗಿಯಬೇಕಿತ್ತು. ಅಳಿಯಂದಿರಿಗೆ ಸರದಿ ಪಟ್ಟಿ ಕಂಪ್ಯೂಟರಿನಲ್ಲೇ ಆಗಬೇಕು.

"ಕಂಪ್ಯೂಟರಿನಲ್ಲಿ ಇದಕ್ಕೆ ‘ಅರೇ’ ಅಂತಾರೆ ಅತ್ತೆ. ಸಾಲಾಗಿ ಖಾನೆಗಳು. ಯಾವ ಎರಡನ್ನು ಕೂಡಿಸು ಅಂತೀವೋ ಅವನ್ನ ಕೂಡಿಸುತ್ತೆ."

"ಹಂಡೇನೂ ಹೊರುತ್ತಾ?" ಅಂದೆ.

ಮುಂದಿನ ಭಾನುವಾರ ಕಂಪ್ಯೂಟರ್ ಅಚ್ಚು ಹಾಕಿದ ಸರದಿ ಪಟ್ಟಿ, ಅಂಚಿಗೆಲ್ಲ ತೂತಿರುವ ಉದ್ದನೆ ಕಾಗದ ತಂದು ನಲ್ಲಿ ಪಕ್ಕದ ಗೋಡೆಗೆ ಅಂಟಿಸಿ, ರಾತ್ರಿ ಇಲ್ಲೇ ಉಳಿದರು. ಯಾರೂ ಓದಲಿಲ್ಲ, ತಂದವರೂ ಓದಿರಲಿಲ್ಲ. ಸೋಮವಾರ ನೋಡಿದರೆ ಏಳನೇ ಖೋಲಿಯ ಮುದುಕರೊಬ್ಬರಿಗೇ ಪೂರ್ತಿ ಸರದಿ. ಎಂಟನೆಯ ಬ್ರಹ್ಮಚಾರಿಯನ್ನು ಆ ಕಾಗದ ನಮ್ಮ ಜೊತೆ ಕಟ್ಟಿಹಾಕಿತ್ತು. ಅವನು ನಲ್ಲಿ ಕೆಳಗೆ ಗಡ್ಡ ಹೆರೆಯುತ್ತ ಕೂತ. ಹಂಡೆ ಅರ್ಧ ತುಂಬುವಷ್ಟರಲ್ಲಿ ಹತ್ತನೇ ಖೋಲಿಯವಳು ತನ್ನ ಕೊಡ ಇಟ್ಟಳು.

"ಕಾಗದ ತಪ್ಪಿದೆ," ಅಂದೆ.

"ಕಂಪ್ಯೂಟರ್ ತಪ್ಪುತ್ತಾ ಮಾವ್ಶಿ? ಅದೂ ನಿಮ್ಮ ಜಮಾಯಿ ತಂದದ್ದು," ಅಂದಳು.

ಅಳಿಯಂದಿರು ಕಾಗದದ ಮುಂದೆ ನಿಂತು ತಲೆ ಕೆರೆದುಕೊಂಡರು. ಮೂರು-ನಾಲ್ಕು ಸೇರಿದೊಡನೆ ಹಿಂದಿನವರೆಲ್ಲ ಒಂದೊಂದು ಜಾಗ ಮುಂದೆ ಜರುಗಿದರಂತೆ. ಯಂತ್ರಕ್ಕೆ ಖೋಲಿ ನಂಬರ್ ಗೊತ್ತಿಲ್ಲ, ನಿಂತ ಜಾಗ ಎಣಿಸುತ್ತದೆ. ಏಳು-ಎಂಟನೇ ಜಾಗದಲ್ಲಿ ಆಗ ನಿಂತಿದ್ದವರು ಎಂಟು-ಒಂಬತ್ತನೇ ಖೋಲಿಯವರು.

"ಬಾಲದ ಕಡೆಯಿಂದ ಸೇರಿಸ್ಕೊಂಡು ಬರಬೇಕಿತ್ತು ಅತ್ತೆ. ಆಗ ಮುಂದಿನವರು ಅಲುಗಾಡಲ್ಲ. ನಾಳೆ ಸರಿಮಾಡಿ ತರ್ತೀನಿ."

"ತನ್ನಿ. ಇವತ್ತು ಬಾಣಂತಿಗೆ ನೀರು?"

"ಒಂದಿನ ಸ್ವಲ್ಪ ಕಡಿಮೆ ಹಾಕಿದರೆ..."

ಒಳಗಿನಿಂದ ಮಗಳು, "ಅಮ್ಮ, ಅವರ ಕೈಗೆ ಕೊಡ ಕೊಡು," ಅಂದಳು.

ಇಸ್ತ್ರಿ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಹಿಂದಿನ ಗಲ್ಲಿಯ ಕೈಪಂಪಿನಿಂದ ನೀರು ಹೊತ್ತರು. ಆಫೀಸಿಗೆ ಹೋಗುವ ಲೋಕಲ್ ರೈಲು ತಪ್ಪಿತು. ಚಾಳಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಹಂಡೆ ಕಂಠದವರೆಗೆ ಬಂತು.

"ಸಾಕಾ ಅತ್ತೆ?" ಅಂದರು.

"ಬೆರೆಸೋಕೆ ತಣ್ಣೀರು ಬೇಡವಾ?" ಅಂದು ಖಾಲಿ ಕೊಡವನ್ನು ಮತ್ತೆ ಅವರ ಕೈಗಿಟ್ಟು, ನಾನು ಎಣ್ಣೆ ಬಿಸಿಮಾಡಲು ಹೋದೆ.